ಭಾಮಾ ಮೈ ತುಂಬಿಕೊಂಡದ್ದು

"ಈ ಎರಡು ಕೈಲಿಂದ ಸಾವಿರ ಬಾಣಂತನ ಮಾಡೀನ್ರಿ ಬಾಯಾರ. ಒಂದು ಕೂಸೂ ಸತ್ತಿಲ್ಲ," ಎಂದಳು ಸಕ್ಕುಬಾಯಿ. ಎದುರಿಗೆ ಕೂತಿದ್ದ ಡಾಕ್ಟರ್ ಶರ್ವರಿ ಹುಬ್ಬೇರಿಸಿದ್ದು ಕಂಡು ತಾನೇ ನಕ್ಕಳು. "ಅದರಾಗ ಅರ್ಧ ಸುಳ್ಳ ಅದ. ಐನೂರು ಆಡಿನವು."

ಸೊಸೆ ಭಾಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಅದು ತೊಂಬತ್ತೇಳನೆಯ ಇಸವಿಯ ಬೇಸಿಗೆ. ಸೇಡಂ ಕಡೆಯಿಂದ ಬಂದ ಹದಿನೆಂಟು ಮನೆಯವರು ಮರಾಠಿ ಸೀಮೆಯ ಭೋಸರಿಯಲ್ಲಿ ಏಳು ಅಂತಸ್ತಿನ ಕಟ್ಟಡ ಎಬ್ಬಿಸುತ್ತಿದ್ದರು. ಅದರ ಬುಡದಲ್ಲೇ ತಗಡಿನ ಶೆಡ್ಡುಗಳಲ್ಲಿ ಅವರ ಸಂಸಾರ. ಗಂಡ ಸತ್ತ ಸಕ್ಕುಬಾಯಿಗೆ ಇದ್ದವನು ಈರಣ್ಣನೊಬ್ಬನೇ ಮಗ. ಅವನ ಹೆಂಡತಿ ಭಾಮಾಳಿಗೆ ಮೊದಲೆರಡು ಬಸಿರು ನಿಂತಿರಲಿಲ್ಲ. ಈಗ ಮತ್ತೆ ನಾಲ್ಕು ತಿಂಗಳು. ಈ ಸಲವಾದರೂ ಶೆಡ್ಡಿನೊಳಗೆ ತೊಟ್ಟಿಲು ತೂಗಬೇಕೆಂದು ಮುದುಕಿ ಸೊಸೆಯನ್ನು ಸರಕಾರಿ ದವಾಖಾನೆಗೆ ಕರೆತಂದಿದ್ದಳು. ಅಲ್ಲಿಯ ಡಾಕ್ಟರ್ ಧಾರವಾಡದವರ ಮಗಳು, ಕನ್ನಡ ಬಲ್ಲವಳು ಎಂದು ಯಾರೋ ಹೇಳಿದ್ದರು.

ಶರ್ವರಿ ಭಾಮಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. "ಅಜ್ಜಿ, ಇಲ್ಲಿ ನೋಡ್ರಿ. ಸುಣ್ಣ ಬಳದಂಗ ಅದ. ಈಕಿ ಮೈಯಾಗ ರಕ್ತನ ಇಲ್ಲ. ದಿನಾ ಏನ್ ಉಣ್ತಾಳ?"

"ಏನ್ ಉಣ್ಣೂದಿಲ್ಲ ಅಂತ ಕೇಳ್ರಿ! ಆನಿ ಉಂಡಂಗ ಉಣ್ತಾಳ."

"ನಾ ನಿಮ್ಮನ್ನ ಕೇಳಲಿಲ್ಲ. ಆಕಿನ್ನ ಕೇಳಿದೆ."

ಭಾಮಾ ನೆಲ ನೋಡಿದಳು. "ಮುಂಜಾನಿ ಚಾ, ಪಾವ. ಮಧ್ಯಾಹ್ನ ರೊಟ್ಟಿ. ರಾತ್ರಿ... ಉಳದಿದ್ದು."

ಶರ್ವರಿ ಒಂದು ಪೊಟ್ಟಣ ಗುಳಿಗೆ ಕೊಟ್ಟಳು. ಒಂದು ಚೀಟಿಯಲ್ಲಿ ಉದ್ದಕ್ಕೆ ಏನೋ ಬರೆದಳು. "ಬರೇ ಗುಳಿಗಿಲೆ ಆಗೂದಿಲ್ಲ. ಚೀಟ್ಯಾಗ ಬರದದ್ದು ದಿನಾ ಹೊಟ್ಟಿಗೆ ಹೋಗಬೇಕು. ಹದಿನೈದು ದಿನಕ್ಕ ಮತ್ತ ಕರಕೊಂಡು ಬರ್ರಿ." ಹೊರಗೆ ಇನ್ನೂ ಐವತ್ತು ಮಂದಿ ಕೂತಿದ್ದರು. ಚೀಟಿ ಓದಿ ಹೇಳುವಷ್ಟು ಪುರಸೊತ್ತು ಅವಳಿಗಿರಲಿಲ್ಲ. ಓದಲು ಬರುವುದಿಲ್ಲವೆಂದು ಸಕ್ಕುಬಾಯಿಯೂ ಬಾಯಿ ಬಿಡಲಿಲ್ಲ.

ಅಷ್ಟುದ್ದದ ಚೀಟಿ ಎಂದರೆ ಅಷ್ಟು ಜಬರದಸ್ತ್ ಔಷಧಿ. ಮುದುಕಿ ಎದೆಯುಬ್ಬಿಸಿಕೊಂಡು ನೇರ ಮೆಡಿಕಲ್ ಅಂಗಡಿಗೆ ಹೋದಳು. ಅಂಗಡಿಯವನು ಚೀಟಿ ನೋಡಿದ, ತಿರುವಿ ನೋಡಿದ, ಆಮೇಲೆ ನಿಂತವರಿಗೆಲ್ಲ ಕೇಳುವಂತೆ ಮರಾಠಿಯಲ್ಲಿ ಗಟ್ಟಿಯಾಗಿ ಓದಿದ: ಜೋಳದ ಭಾಕರಿ, ಮೆಂತ್ಯದ ಪಲ್ಯ, ಒಂದು ಮುಷ್ಟಿ ಶೇಂಗಾ, ಬೆಲ್ಲ, ದಿನಕ್ಕೊಂದು ತತ್ತಿ, ಮನೆಯವರ ಜೊತೆಗೇ ಕೂತು ಊಟ. "ಆಜಿ, ಇದು ನಮ್ಮಲ್ಲಿ ಸಿಗೋದಿಲ್ಲ. ಭಾಜಿಪಲ್ಯ ಮಾರುವವಳ ಹತ್ತಿರ ಹೋಗು," ಎಂದ. ನಿಂತವರು ನಕ್ಕರು.

ಊರೆಲ್ಲವನ್ನೂ ನಗಿಸಿದ ಸಕ್ಕುಬಾಯಿಯನ್ನು ನೋಡಿ ಊರು ನಕ್ಕಿದ್ದು ಅದೇ ಮೊದಲು. ಹಾದಿಯುದ್ದಕ್ಕೂ ಅವಳು ಸೊಸೆಯ ಮೇಲೆ ಉರಿದಳು. "ನಮ್ಮ ಮನ್ಯಾಗ ಕೂಳಿಲ್ಲ ಅಂತ ಬರದುಕೊಟ್ಟಾಳಲ್ಲ! ಎಲ್ಲಾ ನಿನ್ನಿಂದ. ಉಳದಿದ್ದು ಉಣ್ತೀನಿ ಅಂದಿ. ನಾಲಿಗಿ ಮ್ಯಾಲ ಬರಿ ಹಾಕಬೇಕು ನಿನಗ."

"ನೀವ ಖರೇ ಹೇಳು ಅಂತಿದ್ರಿ ಅತ್ತಿ."

"ಖರೇ ಮನ್ಯಾಗ ಹೇಳೂದು. ಡಾಕ್ಟರ್ ಮುಂದಲ್ಲ."

ಗುಳಿಗೆ ನಾಲ್ಕು ದಿನ ನಡೆಯಿತು. ಭಾಮಾಳಿಗೆ ಮಲ ಕಪ್ಪಗಾಗತೊಡಗಿದ್ದೇ ತಡ, ಗುಳಿಗೆ ಹೊಟ್ಟೆಯೊಳಗಿನ ಕೂಸನ್ನು ಸುಡುತ್ತದೆಂದು ಮುದುಕಿ ಪೊಟ್ಟಣವನ್ನು ಗಟಾರಕ್ಕೆ ಎಸೆದಳು. ಮರುದಿನವೇ ಸೊಸೆಯನ್ನು ಮಧುಕರ ಡಾಕ್ಟರ ಬಳಿಗೆ ಎಳೆದೊಯ್ದಳು.

ಕೂಲಿಯವರನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಧರ್ಮರಾಜ ತನ್ನ ಆಳುಗಳಿಗೆ ಜ್ವರ ಬಂದರೂ ಸೊಂಟ ಹಿಡಿದರೂ ಕಳಿಸುತ್ತಿದ್ದದ್ದು ಆ ಡಾಕ್ಟರ ಬಳಿಗೇ. ಅಲ್ಲಿ ಮಾತು ಕಡಿಮೆ. ಒಂದು ಸೂಜಿ, ಮೇಲೆ ಕೆಂಪು ಸಲೈನ್ ಬಾಟಲಿ. ಸಂಜೆ ಹೆಣದಂತೆ ಹೋದವನು ಬೆಳಿಗ್ಗೆ ಸಿಮೆಂಟ್ ಚೀಲ ಹೊರುತ್ತಿದ್ದ. ಭಾಮಾಳಿಗೂ ಅದೇ ಆಯಿತು. ಆ ದಿನ ಅವಳು ಹಾಡಿಕೊಂಡು ಜರಡಿಯಲ್ಲಿ ಉಸುಕು ಚಾಳಿಸಿದಳು.

ಸಕ್ಕುಬಾಯಿ ಹಿಗ್ಗಿಹೋದಳು. "ಡಾಕ್ಟರಂದ್ರ ನೀವ್ರಿ ಸಾಹೇಬರ. ಆ ಬಾಯಿ ಪಲ್ಯ ಬರದು ಕೊಟ್ಟಾಳ, ಪಲ್ಯ!"

ಕೂಲಿಯವರಿಂದಲೇ ಕನ್ನಡ ಕಲಿತಿದ್ದ ಮಧುಕರ ಸೂಜಿ ತೊಳೆಯುತ್ತಾ ನಕ್ಕ. "ಬರೋಬರ ಬರದಾಳ ಆಜಿ. ನಾನೂ ಮೊದಲು ಅದನ್ನ ಬರೀತಿದ್ದೆ. ಒಬ್ಬರೂ ಎರಡನೇ ಸಲ ಬರಲಿಲ್ಲ. ನೀನು ಬರ್ತಿದ್ದೇನು?"

ಅವಳು ಅದನ್ನು ತಮಾಷೆ ಎಂದುಕೊಂಡಳು.

ವಾರಕ್ಕೆರಡು ಸೂಜಿ. ತಿಂಗಳೆರಡು ಕಳೆಯುವಷ್ಟರಲ್ಲಿ ಭಾಮಾಳ ಬತ್ತಿದ ಗಲ್ಲ ತುಂಬಿ ಹೂರಣದ ಹೋಳಿಗೆಯಂತಾಯಿತು. ನಲ್ಲಿಯ ಬಳಿ ಸಕ್ಕುಬಾಯಿ ಕೊಡ ತುಂಬುವುದನ್ನೇ ಮರೆತು ಜಂಬ ಕೊಚ್ಚಿದಳು. "ನನ್ನ ಸೊಸಿ ಬಾಗಿಲದಾಗ ಹಿಡಿಸವಲ್ಲಳು. ನಾಳಿಗಿ ತಗಡು ಕೊರದು ಹೊರಗ ತೆಗೀಬೇಕು!" ಸಂಜೆಗೊಮ್ಮೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಲ್ಲಿಯವರೆಗೆ ಸೊಸೆಯ ತಾಟಿಗೆ ಬೀಳುತ್ತಿದ್ದ ಚಿಟಿಕೆ ಶೇಂಗಾ ಚಟ್ನಿಯೂ ಈಗ ಈರಣ್ಣನ ತಾಟಿಗೆ ಹೋಯಿತು. "ಭಾರ ಹೊರಾಂವ ಅವ. ನಿನಗ ಸೂಜ್ಯಾಗ ಎಲ್ಲಾ ಅದ."

"ಅತ್ತಿ, ಪಾದ ಭಾರ ಆಗ್ಯಾವ. ಕಾಲುಂಗುರ ಒತ್ತತಾವ."

"ಮೈಯಾಗ ಸೊಕ್ಕು ಬಂದದ ನನ್ನವ್ವ, ಅದಕ್ಕ," ಎಂದು ಚುಡಾಯಿಸಿ, ಸಾಬೂನು ಹಚ್ಚಿ ಕಾಲುಂಗುರ ಎಳೆದು ತೆಗೆದಳು. ಬೆರಳಿನ ಸುತ್ತ ಕಪ್ಪು ಗೆರೆ ಉಳಿಯಿತು.

ಎಂಟನೆಯ ತಿಂಗಳಿನಲ್ಲಿ ಐದನೆಯ ಅಂತಸ್ತಿನ ಸ್ಲ್ಯಾಬ್ ಬಂತು. ಸ್ಲ್ಯಾಬ್ ಹಾಕುವ ದಿನ ಹೆಣವೂ ಎದ್ದು ದುಡಿಯಬೇಕು. ಒಮ್ಮೆ ಸಿಮೆಂಟಿನ ಮಾಲು ಕಲಸಿದರೆ ನಡುವೆ ನಿಲ್ಲಿಸುವಂತಿಲ್ಲ. ಬೆಳಿಗ್ಗೆ ಭಾಮಾಳಿಗೆ ಸೂಜಿ ಹಾಕಿಸಿ ಮೆಟ್ಟಿಲ ಸಾಲಿನಲ್ಲಿ ನಿಲ್ಲಿಸಿದರು. ಕೆಳಗಿನವಳಿಂದ ಮಾಲಿನ ಬುಟ್ಟಿ ಇಸಿದುಕೊಳ್ಳುವುದು, ಮೇಲಿನವಳಿಗೆ ಕೊಡುವುದು. ಬಿಸಿಲು ನೆತ್ತಿಗೆ ಬಂದಾಗ ಅವಳ ಕೈಗೆ ಬಂದ ಬುಟ್ಟಿ ಮೇಲಕ್ಕೆ ಹೋಗಲೇ ಇಲ್ಲ. ಅವಳ ಪಾದದ ಮೇಲೆಯೇ ಮಗುಚಿತು. ಭಾಮಾ ಗೋಡೆಗಾತು ಕುಸಿದಳು. ತುಟಿ ನೀಲಿ. ಎದೆ ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು.

"ಸಾಲು ತುಂಬ್ರಿ, ಸಾಲು ತುಂಬ್ರಿ!" ಎಂದು ಮೇಲಿನಿಂದ ಧರ್ಮರಾಜ ಕೂಗಿದ. "ಆಕಿಗಿ ಇನ್ನೊಂದು ಸೂಜಿ ಹಾಕಿಸ್ಕೊಂಡು ಬರ್ರಿ."

ಈರಣ್ಣ ಹೆಂಡತಿಯನ್ನು ಹೊತ್ತು ಓಡಿದ. ಹಿಂದೆ ಮುದುಕಿ. ಮಧುಕರ ಭಾಮಾಳ ಮುಖ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. ಸೂಜಿಯನ್ನು ಮುಟ್ಟಲಿಲ್ಲ. "ನನ್ನ ಕೈಲಿ ಆಗೋದಲ್ಲ. ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ರಿಕ್ಷಾ ತರ್ರಿ, ಬೇಗ."

ದೊಡ್ಡ ಆಸ್ಪತ್ರೆಯ ಡಾಕ್ಟರ್ ಭಾಮಾಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ತೆಗೆದ ಮೇಲೂ ಹಸಿಮಣ್ಣಿನಲ್ಲಿ ಆದಂತೆ ಅಲ್ಲೊಂದು ಗುಂಡಿ ಉಳಿಯಿತು. "ಈ ಬಾವು ಎಷ್ಟು ದಿನದ್ದು?" ಎಂದು ಮರಾಠಿಯಲ್ಲಿ ಕೇಳಿದ.

"ಬಾವಲ್ಲರಿ ಸಾಹೇಬರ. ಮೈ ತುಂಬಿಕೊಂಡಾಳ," ಎಂದಳು ಸಕ್ಕುಬಾಯಿ.

ಅವನು ನಗಲಿಲ್ಲ. "ಇದು ಮಾಂಸ ಅಲ್ಲ ಆಜಿ. ನೀರು. ರಕ್ತ ಇಲ್ಲದ ಮೈಯೊಳಗೆ ತುಂಬಿಕೊಂಡ ನೀರು." ಭಾಮಾಳ ಮಂಚ ತಳ್ಳಿಕೊಂಡು ಒಳಗೆ ಹೋದರು. ಸಕ್ಕುಬಾಯಿಯ ಕಣ್ಣಮುಂದೆ ಆ ಗುಂಡಿಯೊಂದೇ ಇತ್ತು. ಅದು ಇನ್ನೂ ತುಂಬಿರಲಿಲ್ಲ.

ಎರಡು ತಿಂಗಳ ಮೇಲೆ ಕೂಸುಗಳಿಗೆ ಲಸಿಕೆ ಹಾಕಲು ಶರ್ವರಿ ಶೆಡ್ಡುಗಳ ಕಡೆ ಬಂದಳು. ಹೊಸ್ತಿಲಲ್ಲಿ ಸಕ್ಕುಬಾಯಿ ಕೂತಿದ್ದಳು. ತೊಡೆಯ ಮೇಲೆ ಇಲಿಮರಿಯಷ್ಟು ಒಂದು ಹೆಣ್ಣು ಕೂಸು, ಅದರ ಬಾಯಲ್ಲಿ ಹಾಲಿನ ಪುಡಿಯ ಬಾಟಲಿ.

"ಹೆಂಗಿದ್ದೀರಿ ಅಜ್ಜಿ? ಭಾಮಾಂದೇನು ಈ ಕೂಸು?" ಶರ್ವರಿ ಬಗ್ಗಿ ನೋಡಿದಳು. ಮರುಕ್ಷಣವೇ ಅವಳ ಮುಖ ಬಿಗಿಯಿತು. "ಈ ಬಾಟ್ಲಿ ಯಾಕ? ಕೂಸಿಗೆ ತಾಯಿ ಹಾಲಿನಂಥಾ ಔಷಧ ಇನ್ನೊಂದಿಲ್ಲ. ನೀವ ಹೇಳಬೇಕಾದಾವ್ರು, ನೀವ ಹಿಂಗ ಮಾಡಿದ್ರ? ಕರೀರಿ ಆಕಿನ್ನ."

ಸಕ್ಕುಬಾಯಿ ಬಾಟಲಿ ತೆಗೆಯಲಿಲ್ಲ. ಚೀಟಿಯನ್ನು ಮೆಡಿಕಲ್‌ಗೆ ಒಯ್ದದ್ದು, ಗಟಾರ, ಕೆಂಪು ಬಾಟಲಿ, ಮೆಟ್ಟಿಲ ಸಾಲು, ಹೆಬ್ಬೆರಳಿನ ಗುಂಡಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಒಂದಕ್ಕೂ ಉಪ್ಪು ಖಾರ ಹಚ್ಚಲಿಲ್ಲ. ಶರ್ವರಿ ಲಸಿಕೆಯ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟಳು.

"ಆಮ್ಯಾಲ?" ಎಂದಳು.

"ಆಮ್ಯಾಲ ಏನಾತು ಅಂತ ನನ್ನ ಬಾಯಿಲೆ ಹೇಳಸ್ತೀರೇನ್ರಿ?" ಮುದುಕಿ ಕೂಸಿನ ಗಲ್ಲಕ್ಕೆ ಹರಿದ ಹಾಲನ್ನು ಸೆರಗಿನಿಂದ ಒರೆಸಿದಳು. "ಕೂಸು ನನ್ನ ತೊಡಿ ಮ್ಯಾಲ ಅದ. ಬಾಟ್ಲಿ ನನ್ನ ಕೈಯಾಗ ಅದ. ನೀವ ಹೇಳ್ರಿ ಬಾಯಾರ, ನೋಡೂಣು."