ಮುಂದಿನ ಸಾಲಿನ ಕೈ

ಎದ್ದು ಹೋಗಬೇಡಿ, ಇದನ್ನು ಪೂರ್ತಿ ಕೇಳಿ. ಅರ್ಧ ಕೇಳಿದವರೆಲ್ಲ ನನ್ನನ್ನು ಬೈದುಕೊಂಡೇ ಹೋಗಿದ್ದಾರೆ. ಪೂರ್ತಿ ಕೇಳಿದವರೂ ಬೈದಿದ್ದಾರೆ, ಆದರೆ ಬೈಯುವ ಮುಂಚೆ ಒಂದು ಗಳಿಗೆ ಸುಮ್ಮನೆ ಕೂತಿದ್ದಾರೆ. ಆ ಒಂದು ಗಳಿಗೆ ಸಿಕ್ಕರೆ ನನಗೆ ಸಾಕು.

ನಮ್ಮದು ಆಗ್ವಾ ಮಾನ್ಸಾ, ನ್ಯೂ ಮೆಕ್ಸಿಕೊದ ಉತ್ತರದ ಗುಡ್ಡಗಳ ನಡುವಿನ ಊರು. ಊರಿನ ಕೌನ್ಸಿಲ್ಲಿಗೆ ಮೇಯರ್ ಸೇರಿ ಐದು ಕುರ್ಚಿ. ಕಳೆದ ವರ್ಷ ಅದರಲ್ಲೊಂದು ಖಾಲಿಯಾಯಿತು. ಉಳಿದ ನಾಲ್ವರಲ್ಲಿ ಇಬ್ಬರು ಕುಣಿತದ ಮನೆಯನ್ನು ಮಾರೋಣ ಎನ್ನುತ್ತಿದ್ದರು, ಇಬ್ಬರು ಬೇಡ ಎನ್ನುತ್ತಿದ್ದರು. ಅಂದರೆ ಐದನೆಯ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವರ ಕೈಯಲ್ಲೇ ಕುಣಿತದ ಮನೆಯ ಜೀವ.

ಕುಣಿತದ ಮನೆ ಎಂದರೆ ಹೆದ್ದಾರಿ ಪಕ್ಕದ ಉದ್ದನೆಯ ಮಣ್ಣಿನ ಕಟ್ಟಡ. ಊರಿನ ಮದುವೆಗಳೆಲ್ಲ ಅಲ್ಲೇ ಆಗಿದ್ದು. ನನ್ನ ಅಪ್ಪ ಅಲ್ಲಿ ಪಿಟೀಲು ಬಾರಿಸುತ್ತಿದ್ದ. ಅವನು ತೀರಿಕೊಂಡ ಮೇಲೂ ಆ ಹಲಗೆಯ ನೆಲದ ಮೇಲೆ ಕಾಲಿಟ್ಟರೆ ಅವನ ಬೂಟು ತಾಳ ಹಾಕುವುದು ನನಗೆ ಕೇಳಿಸುತ್ತಿತ್ತು. ಊರಿಗೆ ಸೇರಿದ ಜಾಗಗಳಲ್ಲಿ ಹೆದ್ದಾರಿಗೆ ತಾಗಿಕೊಂಡಿದ್ದು ಅದೊಂದೇ. ಒಂದು ದೊಡ್ಡ ಕಂಪನಿ ಅದನ್ನು ಕೊಂಡು, ಕೆಡವಿ, ಅಂಗಡಿ ಕಟ್ಟುತ್ತೇವೆ ಎಂದು ಬಂದಿತ್ತು. ಅದನ್ನು ತಡೆಯಬೇಕೆಂದೇ ನಾನು ಚುನಾವಣೆಗೆ ನಿಂತೆ. ಮನೆಮನೆಗೆ ಹೋಗಿ ಹೇಳಿದ್ದು ಒಂದೇ ಮಾತು: ಬೆಲೆನ್ ಗೆದ್ದರೆ ಕುಣಿತದ ಮನೆ ಉಳಿಯುತ್ತದೆ.

ನನ್ನ ಎದುರು ನಿಂತವರು ತಿಯಾ ಎರ್ಸಿಲಿಯಾ. ಎಪ್ಪತ್ತು ದಾಟಿದ್ದಾರೆ, ಸಣ್ಣವರು ದೊಡ್ಡವರು ಎನ್ನದೆ ಊರಿಗೆಲ್ಲ ಅವರು ತಿಯಾ, ಅತ್ತೆ. ಕುಣಿತದ ಮನೆಯ ಮೇಲೆ ಅವರಿಗೆ ಹಗೆಯೇನೂ ಇರಲಿಲ್ಲ. ಬೇಸಿಗೆಯಲ್ಲಿ ಹೆಂಗಸರೆಲ್ಲ ಸೇರಿ ಹುಲ್ಲು ಕಲಸಿದ ಮಣ್ಣನ್ನು ಆ ಗೋಡೆಗೆ ಮೆತ್ತುವಾಗ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವರೇ ಅವರು. ಅಂಗೈಯನ್ನು ಯಾವ ಕಡೆ ತಿರುಗಿಸಿ ಸವರಬೇಕೆಂದು ನನಗೆ ತೋರಿಸಿಕೊಟ್ಟವರೂ ಅವರೇ. ಈಗ ಅವರು ಮನೆಮನೆಗೆ ಹೋಗಿ ಹೇಳಿದ್ದೂ ಒಂದೇ ಮಾತು: ಹಾಲು ತರಬೇಕಾದರೆ ಒಂದು ಗಂಟೆಯ ದಾರಿ, ಊರಿಗೊಂದು ಅಂಗಡಿ ಬೇಕು.

ಓಟು ಎಣಿಸಿದರೆ ಸಮ ಸಮ. ಮತ್ತೆ ಎಣಿಸಿದರೂ ಸಮ. ನಮ್ಮ ರಾಜ್ಯದಲ್ಲಿ ಹೀಗಾದರೆ ಅದೃಷ್ಟದ ಆಟದಲ್ಲೇ ತೀರ್ಮಾನ. ಕಾಸು ಚಿಮ್ಮಬಹುದು, ಇಸ್ಪೀಟು ಎತ್ತಬಹುದು. ನಾವಿಬ್ಬರೂ ಇಸ್ಪೀಟು ಎಂದೆವು. ಪೇಟೆಯ ಕೋರ್ಟಿನಲ್ಲಿ ಜಡ್ಜಿನ ಎದುರು ಒಬ್ಬೊಬ್ಬರು ಒಂದೊಂದು ಎಲೆ ಎತ್ತಬೇಕು, ದೊಡ್ಡ ಎಲೆ ಬಂದವಳಿಗೆ ಕುರ್ಚಿ.

ಎಲೆ ಎತ್ತುವ ದಿನ ಬೆಳಿಗ್ಗೆ ಫೋನ್ ಬಂತು.

"ಬೆಲೆನ್, ನಮ್ಮ ಟ್ರಕ್ ಚಳಿಗೆ ಸ್ಟಾರ್ಟೇ ಆಗ್ತಿಲ್ಲ ಕಣೇ. ನಿಂದರಲ್ಲಿ ಜಾಗ ಇದೆಯಾ?"

"ತಿಯಾ, ನಾನು ನಿಮ್ಮ ಎದುರಾಳಿ."

"ಅದಕ್ಕೇನೀಗ? ಎದುರಾಳಿ ಟ್ರಕ್ಕಿಗೆ ಚಕ್ರ ಇರಲ್ವಾ?"

ಹೋಗಿ ಹತ್ತಿಸಿಕೊಂಡೆ. ಅವರ ಮಡಿಲಲ್ಲಿ ರೊಟ್ಟಿಯಲ್ಲಿ ಪಲ್ಯ ಸುತ್ತಿದ ಬಿಸಿ ಬಿಸಿ ಬುರ್ರಿತೊ ಎರಡು, ಹಸಿರು ಮೆಣಸಿನಕಾಯಿಯ ಘಾಟು ಟ್ರಕ್ಕಿನ ತುಂಬ. ನಾನು ಅನುಮಾನದಿಂದ ನೋಡಿದೆನೋ ಏನೋ.

"ತಿನ್ನು ತಿನ್ನು. ವಿಷ ಹಾಕೋದಿದ್ರೆ ಚುನಾವಣೆಗೆ ಮುಂಚೆ ಹಾಕ್ತಿದ್ದೆ. ಈಗ ಹಾಕಿದ್ರೆ ಟ್ರಕ್ ಓಡಿಸೋರು ಯಾರು?"

ಒಂದು ವಿಷಯ ಹೇಳಲೇಬೇಕು. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಇಸ್ಪೀಟು ನಡೆಯುತ್ತದೆ. ಅಲ್ಲಿ ತಿಯಾ ಎರ್ಸಿಲಿಯಾ ಸೋತಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಪಾದ್ರಿಗಳು ಕೂಡ ಅವರ ಎದುರು ಕೂರಲು ಹೆದರುತ್ತಾರೆ. ಹಾಗಾಗಿ ನಾನು ಸೋಲಲೆಂದೇ ಪೇಟೆಗೆ ಹೊರಟಿದ್ದೆ. ಎಲೆ ಎತ್ತುವುದಕ್ಕೂ ಆಡುವುದಕ್ಕೂ ವ್ಯತ್ಯಾಸ ಇದೆ ಎಂದು ನಾನೇ ನನಗೆ ಹೇಳಿಕೊಂಡರೂ ನಂಬಿಕೆ ಬರಲಿಲ್ಲ.

ಕಣಿವೆ ಇಳಿಯುವಾಗ ಅವರು ಕೇಳಿದರು. "ಊರು ಅರ್ಧ ನಿನಗೆ ಹಾಕಿದೆ, ಅರ್ಧ ನನಗೆ. ಹೌದಾ?"

"ಹೌದು."

"ಮತ್ತೆ ಪೂರ್ತಿ ಕುರ್ಚಿ ಒಬ್ಬಳಿಗೆ ಹೇಗೆ ಸೇರುತ್ತೆ? ಒಂದು ರಾಣಿ, ಒಂದು ರಾಜ ಹೇಳಿದ್ರೆ ಸೇರಿಬಿಡುತ್ತಾ?"

"ಕಾನೂನು ಹಾಗೇ ಇದೆಯಲ್ಲ ತಿಯಾ."

"ಕಾನೂನು ಪೇಟೇಲಿರಲಿ. ನಾವಿಬ್ರೂ ಒಂದು ಮಾತು ಮಾಡ್ಕೊಳ್ಳೋಣ. ಸೋತವಳು ಗೆದ್ದವಳ ಕೈಯನ್ನ ಒಂದು ಸಲ ಎತ್ತಿಸಬಹುದು. ಒಂದೇ ಸಲ. ಸಭೇಲಿ ಮುಂದಿನ ಸಾಲಲ್ಲಿ ಕೂತು ಅವಳು ಕೈ ಎತ್ತಿದ್ರೆ ಇವಳೂ ಎತ್ತಬೇಕು. ಕಾರಣ ಕೇಳೋ ಹಾಗಿಲ್ಲ."

ನಾನು ಒಪ್ಪಿದೆ. ಯಾಕೆ ಒಪ್ಪಿದೆನೆಂದು ನಿಮಗೆ ಗೊತ್ತಾಗಿರಬೇಕು. ಸೋಲುವವಳು ನಾನೇ ಎಂದು ಗಟ್ಟಿಯಾಗಿ ನಂಬಿದ್ದೆ. ಸೋತರೂ ಒಂದು ಕೈ ಸಿಗುತ್ತದೆ, ಆ ಒಂದು ಕೈಯಲ್ಲಿ ಕುಣಿತದ ಮನೆ ಉಳಿಸಿಕೊಳ್ಳಬಹುದು ಎಂದು ಲೆಕ್ಕ ಹಾಕಿದೆ. ಒಳಗೊಳಗೇ ಮುದುಕಿಗೆ ಟೋಪಿ ಹಾಕಿದೆ ಎಂದೂ ಅಂದುಕೊಂಡೆ.

"ಕೊಟ್ಟೆ ಮಾತು" ಎಂದೆ. ಅವರು ಬುರ್ರಿತೊದ ಎಣ್ಣೆ ಹತ್ತಿದ ಕೈಯನ್ನೇ ಚಾಚಿದರು, ಕುಲುಕಿದೆ.

ಜಡ್ಜು ಹೊಸ ಕಟ್ಟು ಒಡೆದು ಕಲೆಸಿ ಮೇಜಿನ ಮೇಲೆ ಹರಡಿದರು. ತಿಯಾ ಶಿಲುಬೆ ಗುರುತು ಹಾಕಿಕೊಂಡು ಎತ್ತಿದರು. ಇಸ್ಪೇಟು ಹತ್ತು. ನಾನು ಕಣ್ಣು ಮುಚ್ಚಿ ಎತ್ತಿದೆ. ಆಟೀನ್ ರಾಣಿ.

ಪತ್ರಿಕೆಯವನೊಬ್ಬ ಫೋಟೊ ತೆಗೆದ. ಅದರಲ್ಲಿ ಗೆದ್ದ ನನ್ನ ಮುಖ ಸೋತವಳ ಹಾಗೆ ಬಿಳಿಚಿಕೊಂಡಿದೆ, ತಿಯಾ ಹಲ್ಲು ಬಿಟ್ಟು ನಗುತ್ತಿದ್ದಾರೆ.

ಊರು ಕುಣಿಯಿತು, ನನಗೆ ಓಟು ಹಾಕಿದ ಅರ್ಧ ಊರು. ಆ ಶನಿವಾರವೇ ಕುಣಿತದ ಮನೆಯಲ್ಲಿ ಗಿಟಾರು, ಪಿಟೀಲು ಎಲ್ಲ ಬಂದವು. ಕೊಳಾಯಿ ರಿಪೇರಿಯ ಎಲಿಸೆಯೊ ಮಾಮ ನನ್ನನ್ನು ಎತ್ತಿ ಬೆಂಚಿನ ಮೇಲೆ ನಿಲ್ಲಿಸಿ, "ಇವಳ ಅಪ್ಪ ಇದ್ದಿದ್ರೆ ಇವತ್ತು ತಂತಿ ಕಿತ್ತುಹೋಗೋ ಹಾಗೆ ಬಾರಿಸ್ತಿದ್ದ" ಎಂದ. ಎಲ್ಲರೂ ಚಪ್ಪಾಳೆ ಹೊಡೆದರು. ಟ್ರಕ್ಕಿನ ಮಾತನ್ನು ನಾನು ಯಾರಿಗೂ ಹೇಳಲಿಲ್ಲ.

ಮಾರಾಟ ತೀರ್ಮಾನಿಸುವ ಕೌನ್ಸಿಲ್ ಸಭೆಗೆ ಒಂದು ವಾರ ಇರುವಾಗ ತಡೆಯಲಾಗದೆ ತಿಯಾ ಮನೆಗೆ ಹೋದೆ. ಪೇಟೆಯಿಂದ ಹಾಲಿನ ದೊಡ್ಡ ಕ್ಯಾನು ತಂದಿದ್ದೆ.

"ಲಂಚಾನಾ?" ಎಂದರು ಬಾಗಿಲಲ್ಲೇ.

"ಹಾಲು ತಿಯಾ."

"ಎರಡೂ ಬೆಳ್ಳಗೇ ಇರುತ್ತೆ. ಬಾ ಒಳಗೆ."

ಒಳಗೆ ಅವರ ಗಂಡ ಓನೊಫ್ರೆ ಒಲೆಯ ಪಕ್ಕ ಕೂತಿದ್ದರು, ಮೂಗಿಗೆ ಆಮ್ಲಜನಕದ ಕೊಳವೆ. ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ಇಳಿಯುವುದು ಹಾಲಿನಲ್ಲಿ ಕಾಯಿಸಿದ ನೀಲಿ ಮೆಕ್ಕೆಜೋಳದ ಗಂಜಿ ಮಾತ್ರ. ಅದೂ ಹಾಲಿದ್ದ ದಿನ. ಇಲ್ಲದ ದಿನ ನೀರಿನ ಗಂಜಿ, ಅದನ್ನು ಅವರು ಅರ್ಧಕ್ಕೇ ಬಿಡುತ್ತಾರೆ.

"ತಿಯಾ, ಕೇಳಿದ್ರೆ ನಾವೇ ತಂದುಕೊಡ್ತೀವಲ್ಲ. ಇಷ್ಟು ಜನ ಪೇಟೆಗೆ ಹೋಗ್ತಾ ಬರ್ತಾ ಇರ್ತೀವಿ."

"ತಂದುಕೊಡ್ತೀರ. ಇಲ್ಲ ಅನ್ನಲ್ಲ. ಪ್ರತಿ ಸಲ ಫೋನ್ ಎತ್ತಿ ಕೇಳ್ಬೇಕಲ್ಲ. ಆ ದಾರಿ ಇದೆಯಲ್ಲ ಮಗಾ, ಅದು ಪೇಟೆ ದಾರಿಗಿಂತ ಉದ್ದ."

ಅವರು ಒಲೆಯ ಮೇಲಿನ ಗಂಜಿ ತಿರುವತೊಡಗಿದರು. ನಾನು ಕೇಳಿಯೇಬಿಟ್ಟೆ. "ಆ ಕೈಯನ್ನ ಕುಣಿತದ ಮನೆ ಮೇಲೇ ಎತ್ತಿಸ್ತೀರಾ?"

"ಎತ್ತಿಸಿದ್ರೆ ಎತ್ತುತ್ತೀಯಾ?"

ನಾನು ಹಾಲಿನ ಕ್ಯಾನಿನ ಮುಚ್ಚಳ ತಿರುಗಿಸುತ್ತ ನಿಂತೆ.

"ನಾನೂ ಅದನ್ನೇ ಯೋಚಿಸ್ತಿದೀನಿ" ಎಂದರು. "ನಾನು ಎತ್ತಿ, ನೀನು ಎತ್ತದೇ ಹೋದ್ರೆ ನಾವಿಬ್ರೂ ಇನ್ಮೇಲೆ ಒಂದೇ ಟ್ರಕ್ಕಲ್ಲಿ ಹೋಗೋಕಾಗಲ್ಲ. ನೀನು ಎತ್ತಿದ್ರೆ ಊರು ನಿನ್ನನ್ನ ಮಾತಾಡ್ಸಲ್ಲ. ನಾನು ಆ ಗೋಡೆಗೆ ಎಷ್ಟು ಬೇಸಿಗೆ ಮಣ್ಣು ಮೆತ್ತಿದೀನಿ ಗೊತ್ತಾ? ನಿಮ್ಮಪ್ಪನ ಪಿಟೀಲಿಗೆ ನಾನೂ ಕುಣಿದಿದೀನಿ ಕಣೇ. ಹೋಗು ಈಗ, ಗಂಜಿ ತಳ ಹಿಡಿಯುತ್ತೆ."

ಸಭೆಯ ದಿನ ಹೊರಗೆ ಹಿಮ. ಜನ ಕೋಟು ಬಿಚ್ಚದೆ ಕೂತಿದ್ದರು. ತಿಯಾ ಮುಂದಿನ ಸಾಲಿನಲ್ಲಿ, ಕೈಯಲ್ಲಿ ಹೆಣಿಗೆ ಕಡ್ಡಿ. ಮಾತಾಡುವವರೆಲ್ಲ ಮಾತಾಡಿದರು, ತಿಯಾ ಮಾತ್ರ ಏಳಲಿಲ್ಲ. ಎತ್ತುವುದಿಲ್ಲ ಎಂದುಕೊಂಡೆ. ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ.

ಮೇಯರ್ ಪ್ರೂದೆನ್ಸಿಯೊ ಗಂಟಲು ಸರಿಮಾಡಿಕೊಂಡರು. "ಕುಣಿತದ ಮನೆ ಮಾರಬೇಕು ಅನ್ನೋರು ಕೈ ಎತ್ತಿ."

ನನ್ನ ಬಲಗಡೆ ಎರಡು ಕೈ ಎದ್ದವು. ಆಮೇಲೆ ಮುಂದಿನ ಸಾಲಿನಲ್ಲಿ, ಹೆಣಿಗೆ ಕಡ್ಡಿ ಮಡಿಲಲ್ಲಿಟ್ಟು, ತಿಯಾ ಎರ್ಸಿಲಿಯಾ ಕೈ ಎತ್ತಿದರು.

ಹಿಂದಿನಿಂದ ನಗು. "ತಿಯಾ, ನೀವು ಸೋತ್ರಿ, ಕೈ ಇಳಿಸಿ" ಎಂದ ಎಲಿಸೆಯೊ ಮಾಮ. "ಸೋತು ಅಭ್ಯಾಸ ಇಲ್ಲ ಪಾಪ" ಎಂದರು ಇನ್ಯಾರೋ. ತಿಯಾ ಕೈ ಇಳಿಸಲಿಲ್ಲ. ನನ್ನನ್ನು ನೋಡಲೂ ಇಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದರು.

ನಾನು ಎದ್ದು ನಿಂತೆ. ಸುಮ್ಮನೆ ಕೈ ಎತ್ತಿ ಕೂರುವುದಕ್ಕೆ ಆಗಲಿಲ್ಲ. ಟ್ರಕ್ಕಿನ ಮಾತನ್ನು ಎಲ್ಲರ ಎದುರು ಹೇಳಿದೆ, ಯಾಕೆ ಒಪ್ಪಿದೆ ಎನ್ನುವುದನ್ನೂ ಸೇರಿಸಿ.

ಎಲಿಸೆಯೊ ಮಾಮ ನಿಧಾನ ಎದ್ದ. "ನಾನು ಓಟು ಹಾಕಿದ್ದು ನಿನಗೆ. ನೀನು ಅದನ್ನ ಬುರ್ರಿತೊ ತಿಂತಾ ದಾರೀಲಿ ಕೊಟ್ಟುಬಿಟ್ಯಾ?"

"ಕೊಟ್ಟೆ ಮಾಮ."

"ಮನೆಮನೆಗೆ ಬಂದು ನಮಗೂ ಮಾತು ಕೊಟ್ಟಿದ್ಯಲ್ಲಾ. ಅದು ಮಾತಲ್ವಾ? ಅದು ಮೊದಲಿನ ಮಾತು."

ಕಿಟಕಿಯ ಹತ್ತಿರದಿಂದ ಒಬ್ಬ ಹೆಂಗಸು ಹೇಳಿದಳು, "ಬೆಲೆನ್ ಸೋತು, ತಿಯಾ ಕೈಯನ್ನ ಎತ್ತಿಸಿ ಕುಣಿತದ ಮನೆ ಉಳಿಸಿದ್ರೆ ನೀನು ಚಪ್ಪಾಳೆ ಹೊಡೀತಿದ್ದೆ ಎಲಿಸೆಯೊ." ಅಲ್ಲಿಂದ ಗದ್ದಲ. ಮೇಯರ್ ಗುಮಾಸ್ತನನ್ನು ಕೇಳಿದರು, ಇಂಥದ್ದು ಕಾನೂನಿಗೆ ಒಪ್ಪುತ್ತಾ ಎಂದು. "ಇಸ್ಪೀಟಲ್ಲಿ ಬಂದ ಕುರ್ಚಿ ಸ್ವಾಮಿ" ಎಂದ ಅವನು. "ಯಾರು ಯಾಕೆ ಕೈ ಎತ್ತಿದ್ರು ಅಂತ ನಾನು ಬರೆಯೋದಿಲ್ಲ. ಎಷ್ಟು ಕೈ ಅಂತಷ್ಟೇ."

ಎಲ್ಲರೂ ತಿಯಾ ಕಡೆ ತಿರುಗಿದರು. ಎತ್ತಿದ ಕೈಯ ಮೊಣಕೈಗೆ ಇನ್ನೊಂದು ಕೈಯಿಂದ ಆಸರೆ ಕೊಟ್ಟುಕೊಂಡಿದ್ದರು.

"ಇಳಿಸ್ತೀನಿ ಅಂತ ನೋಡ್ತಿದೀರಾ?" ಎಂದರು. "ಇಳಿಸಲ್ಲ. ಮನೇಲಿ ಓನೊಫ್ರೆ ಗಂಜಿಗೆ ಕಾಯ್ತಿದಾನೆ."

ನಾನು ಕೈ ಎತ್ತಿದೆ.

ಮನೆಯಲ್ಲಿ ಅಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎರಡು ದಿನ ಬಿಟ್ಟು, "ಅಪ್ಪ ಇದ್ದಿದ್ರೆ ಏನಂತಿದ್ದ ಅಮ್ಮಾ?" ಎಂದು ಕೇಳಿದೆ. "ಇಲ್ಲದವರನ್ನ ಮಧ್ಯೆ ತರಬೇಡ" ಎಂದಳು. "ಎತ್ತಿದ್ದು ನಿನ್ನ ಕೈ." ಎಲಿಸೆಯೊ ಮಾಮ ಈಗಲೂ ನಮ್ಮ ಮನೆಯ ಕೊಳಾಯಿ ರಿಪೇರಿಗೆ ಬರುತ್ತಾನೆ. ನಾನು ಅಡುಗೆಮನೆಯಲ್ಲಿದ್ದರೆ ಕೆಲಸ ಮುಗಿಸಿ ಹಿತ್ತಲಿಂದಲೇ ಹೋಗುತ್ತಾನೆ.

ಕೆಡವುವ ಯಂತ್ರ ಬಂದ ದಿನ ಬೆಳಿಗ್ಗೆ ತಿಯಾ ಫೋನ್ ಮಾಡಿದರು.

"ಬೆಲೆನ್, ಪೇಟೆಗೆ ಕರ್ಕೊಂಡು ಹೋಗ್ತೀಯಾ?"

"ಏನು ತರಬೇಕಿತ್ತು ತಿಯಾ?"

"ಹಾಲು."

ಹಾಲು ಮೊನ್ನೆಯಷ್ಟೇ ಕೊಟ್ಟು ಬಂದಿದ್ದೆ. ಆದರೂ ಟ್ರಕ್ ತೆಗೆದೆ. ಹೆದ್ದಾರಿಗೆ ಬಂದಾಗ ಇಬ್ಬರೂ ಎಡಗಡೆ, ಕುಣಿತದ ಮನೆಯ ಕಡೆ, ತಿರುಗಿ ನೋಡಲಿಲ್ಲ. ಕಣಿವೆ ಇಳಿಯುವ ತನಕ ತಿಯಾ ತಮ್ಮ ಅಂಗೈಯನ್ನು ಮಡಿಲಲ್ಲಿ ಮಗುಚಿ ಮಗುಚಿ ನೋಡಿಕೊಳ್ಳುತ್ತಿದ್ದರು, ಮಣ್ಣು ಅಂಟಿದೆಯೇನೋ ಎನ್ನುವ ಹಾಗೆ.

ಅಂಗಡಿ ಬರುವ ತಿಂಗಳು ತೆರೆಯುತ್ತದೆ. ನಡೆದುಕೊಂಡೇ ಹೋಗಿ ಹಾಲು ತರುತ್ತೇನೆ ಎಂದು ತಿಯಾ ಈಗಲೇ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಮಾತಾಡಿಸದ ಅರ್ಧ ಊರೂ ಅಲ್ಲಿಗೇ ಹೋಗುತ್ತದೆ, ನಾನೂ ಹೋಗುತ್ತೇನೆ.

ಪೂರ್ತಿ ಕೇಳಿದಿರಿ. ಊರಿಗೆ ಕೊಟ್ಟ ಮಾತು ಒಂದು ಕಡೆ, ಟ್ರಕ್ಕಿನಲ್ಲಿ ಕೊಟ್ಟ ಮಾತು ಒಂದು ಕಡೆ, ಮುಂದಿನ ಸಾಲಿನಲ್ಲಿ ಇಳಿಯದೆ ನಿಂತ ಆ ಕೈ. ನನ್ನ ಕುರ್ಚಿಯಲ್ಲಿ ನೀವು ಕೂತಿದ್ದರೆ ಏನು ಮಾಡುತ್ತಿದ್ದಿರಿ?