ಗುಂಡಿ ನಾಲ್ಕು

ನಾನು ಚಿತ್ರ ಬರೆಯಬೇಕಿದ್ದ ಹಳೆಯ ಕಾಲಾಳು ದಳದ ಅಂಗಿಯಲ್ಲಿ ಉಳಿದದ್ದು ಒಂದು ಕೆಂಪು ತೋಳು ಮಾತ್ರ. ದಳದ ಆಜ್ಞೆಗಳ ಪುಸ್ತಕದ್ದೂ ಅಷ್ಟೇ, ದಾಖಲೆ ಕಚೇರಿಯವರಿಗೆ ಸಿಕ್ಕಿದ್ದು ಒಂದು ಹಾಳೆ. ಅದರ ಮೇಲ್ಭಾಗವನ್ನು ಹುಳು ತಿಂದಿತ್ತು. ಉಳಿದ ಕಡೆ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಗುಂಡಿ ನಾಲ್ಕು. ಎಲ್ಲವೂ ಒಂದೇ ಸಾಲಿನಲ್ಲಿರತಕ್ಕದ್ದು. ಬೆಳಿಗ್ಗೆ ಮುಚ್ಚದೆ ಬಿಟ್ಟವನಿಗೆ ದಂಡ.’

ನಾನು ಕುಣಿದಾಡಿಬಿಟ್ಟೆ. ಹಳೆಯ ಸೈನಿಕರ ಉಡುಪುಗಳ ಮೇಲೆ ದೊಡ್ಡದೊಂದು ಪುಸ್ತಕ ಬರುವುದಿತ್ತು. ಈ ಒಂದು ಚಿತ್ರ ಸರಿಹೋದರೆ ಉಳಿದ ನಲವತ್ತೂ ನನ್ನ ಪಾಲಿಗೆ. ಕೆಂಪು ಅಂಗಿಯ ಎದೆಗೆ ನಾಲ್ಕು ಚಿನ್ನದ ಚುಕ್ಕೆ ಇಟ್ಟೆ. ಸಂಪಾದಕರು ಮೆಚ್ಚಿದ್ದಷ್ಟೇ ಅಲ್ಲ, ಆ ನಾಲ್ಕು ಗುಂಡಿಗಳಲ್ಲಿ ಕಾಣುವ ಸರಳತೆ ಮತ್ತು ಶಿಸ್ತಿನ ಬಗ್ಗೆ ಎರಡು ಪುಟ ಬರೆದೂ ಬಿಟ್ಟರು. ಸಂಜೆ ಬಂದು ಒಪ್ಪಂದಕ್ಕೆ ಸಹಿ ಹಾಕಿ ಅಂದರು.

ಒಪ್ಪದವರು ಅತ್ತಿಗೆ ಒಬ್ಬರೇ. ಅವರು ಟೈಲರ್. ಅವರ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ನನ್ನ ಮೇಜು.

“ನಾಲ್ಕಾ? ತೋಳೇ ಇಷ್ಟು ಬಿಗಿ ಇದೆ. ಅವನು ಬಂದೂಕು ಎತ್ತಿದ್ರೆ ಹೊಟ್ಟೆ ಇಣುಕಿ ನೋಡತ್ತೆ. ಒಂಬತ್ತಾದ್ರೂ ಬೇಕು.”

“ಅತ್ತಿಗೆ, ಇದು ದಾಖಲೆ. ನಿಮ್ಮ ಕತ್ತರಿ ಇದರಲ್ಲಿ ಮೂಗು ತೂರಿಸೋದು ಬೇಡ.”

ಮಧ್ಯಾಹ್ನ ದಾಖಲೆ ಕಚೇರಿಯ ಗುಮಾಸ್ತರು ಇನ್ನೊಂದು ಹಾಳೆ ಸಿಕ್ಕಿತೆಂದು ಅದರ ಫೋಟೊ ಕಳಿಸಿದರು. ಅತ್ತಿಗೆಗೆ ಕೇಳಲಿ ಅಂತಲೇ ಗಟ್ಟಿಯಾಗಿ ಓದಿದೆ. ‘ಸದರಿ ಗುಂಡಿಗಳು ಮೂರು ಮೊಳ ಆಳವಿರತಕ್ಕದ್ದು. ಅಡುಗೆಯ ಜಾಗದಿಂದ ಇನ್ನೂರು ಹೆಜ್ಜೆ ದೂರ, ಗಾಳಿಯ ದಿಕ್ಕು ನೋಡಿ ತೋಡುವುದು.’

ಮೆಷಿನ್ ನಿಂತಿತು.

“ಮೂರು ಮೊಳದ ಗುಂಡಿಗೆ,” ಅತ್ತಿಗೆ ಮೆಲ್ಲಗೆ ಕೇಳಿದರು, “ಕಾಜಾ ಎಷ್ಟುದ್ದ ಇಡ್ಲಿ?”

ಆಮೇಲೆ ಇಬ್ಬರೂ ನೆಲದ ಮೇಲಿದ್ದೆವು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನಾನು ಸಿಪಾಯಿಯ ಎದೆ ಮೇಲೆ ಸಾಲಾಗಿ ನಾಲ್ಕು ಕಕ್ಕಸು ಬರೆದಿದ್ದೆ!

ನಗು ನಿಂತ ಮೇಲೆ ಹೆದರಿಕೆ ಶುರುವಾಯಿತು. ಗುಮಾಸ್ತರು ಹಾಳೆಗಳನ್ನು ಓದುವವರಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನಲವತ್ತು ಚಿತ್ರ ನನ್ನವೇ. ಆದರೆ ಆ ಚುಕ್ಕೆಗಳನ್ನು ಕಂಡಾಗಲೆಲ್ಲ ಮತ್ತೆ ನಗು ಉಕ್ಕುತ್ತಿತ್ತು. ಇಂಥ ಗುಟ್ಟು ನನ್ನ ಹೊಟ್ಟೆಯಲ್ಲಿ ಒಂದು ದಿನವೂ ನಿಲ್ಲುವಂಥದ್ದಲ್ಲ. ಫೋಟೊ ಹಿಡಿದು ಹೊರಟೆ.

ಸಂಪಾದಕರು ನಕ್ಕದ್ದನ್ನು ಆ ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. ಅವರು ಎರಡು ಸಲ ಓದಿದರು.

“ಅಂದ್ರೆ, ನಾನು ಶಿಸ್ತಿನ ಬಗ್ಗೆ ಬರೆದ ಎರಡು ಪುಟ...”

“ಕಕ್ಕಸಿನ ಬಗ್ಗೆ, ಸರ್.”

ಅವರ ಗಂಟಲಿಂದ, ಬತ್ತಿದ್ದ ನಲ್ಲಿಗೆ ನೀರು ಬಂದಂಥ ಸದ್ದು ಹೊರಟಿತು. ಹೆದರಿ ಒಂದು ಹೆಜ್ಜೆ ಹಿಂದೆ ಸರಿದೆ. ನೋಡಿದರೆ ನಗುತ್ತಿದ್ದರು! ಕನ್ನಡಕ ತೆಗೆದು, ಮೇಜು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಸರಿ, ನಿಜವಾಗಿ ಗುಂಡಿ ಎಷ್ಟು?”

“ಗೊತ್ತಿಲ್ಲ ಸರ್. ನಮ್ಮತ್ತಿಗೆ ಒಂಬತ್ತು ಅಂತಾರೆ.”

“ಅದಕ್ಕೆ ಆಧಾರ?”

“ಹೊಟ್ಟೆ, ಸರ್.”

ಅವರು ಒಪ್ಪಂದದ ಕಾಗದವನ್ನು ನನ್ನ ಮುಂದೆ ತಳ್ಳಿದರು. “ಗೊತ್ತಿಲ್ಲ ಅನ್ನೋ ಚಿತ್ರಕಾರರು ನನಗೆ ಇದುವರೆಗೆ ಸಿಕ್ಕೇ ಇಲ್ಲ. ನಲವತ್ತೂ ನೀವೇ ಬರೀರಿ. ಇದಕ್ಕೆ ಒಂಬತ್ತು ಹಾಕಿ. ‘ಗುಂಡಿಗಳು ಒಬ್ಬ ಅನುಭವಿ ಟೈಲರ್ ಅಂದಾಜಿನಂತೆ’ ಅಂತ ಕೆಳಗೆ ಬರೀರಿ.”

ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೆಟ್ಟಿಲಿಳಿಯುತ್ತಲೇ ಅತ್ತಿಗೆಗೆ ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

“ವಾಪಸ್ ಹೋಗು,” ಅಂದರು ಅತ್ತಿಗೆ. “ಹೋಗಿ ‘ಅಂದಾಜು’ ಅನ್ನೋದನ್ನ ತೆಗೆಸು.”