ಕಣ್ಣು ಮುಚ್ಚಿದರೆ ವಾಲುವ ನೀಲಾಂಬಿಕಾ

ಬ್ರ್ಯಾಂಪ್ಟನ್ನಿನ ನೀಲಾಂಬಿಕಾಗೆ ಸದ್ದು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಕಿವಿಯ ನರದ ತೊಂದರೆ ಎಂದು ಡಾಕ್ಟರು ಹೇಳಿ ಆರು ವರ್ಷವಾಗಿತ್ತು. ಎದುರಿಗೆ ನಿಂತು ತುಟಿ ಕಾಣುವಂತೆ ಮಾತಾಡಿದರೆ ಸರಿ. ಹಿಂದಿನಿಂದ ಕರೆದರೆ ಎಲ್ಲ ಕಲಸುಮೇಲೋಗರ. ಗಂಡ ಮುರಿಗೆಪ್ಪ ಟ್ರಕ್ ಓಡಿಸುವವನು. “ನಮ್ಮ ಮನ್ಯಾಗ ಜಗಳಾ ಆಡಬೇಕಂದ್ರ ಮೊದಲ ಲೈಟ್ ಹಚ್ಚಬೇಕ್ರೀ” ಎಂದು ಕಂಡವರಿಗೆಲ್ಲ ಹೇಳಿ ನಗುತ್ತಿದ್ದ.

ಅವಳು ಯಾರಿಗೂ ಹೇಳದ ಸಂಗತಿ ಇನ್ನೊಂದಿತ್ತು. ಕಣ್ಣು ಮುಚ್ಚಿದರೆ ನೆಲವೇ ಸರಿದಂತಾಗುತ್ತಿತ್ತು. ಅದಕ್ಕೇ ತಲೆಗೆ ನೀರು ಹಾಕಿಕೊಳ್ಳುವಾಗಲೂ ಕಣ್ಣು ಬಿಟ್ಟೇ ಇರುತ್ತಿದ್ದಳು. ಶಾಂಪೂ ಹೋಗಿ ಕೆಂಪಾದ ಕಣ್ಣು ನೋಡಿ ಮುರಿಗೆಪ್ಪ, “ನಮ್ಮವ್ವನ್ನ ನೆನಸಿ ಅತ್ತಿಯೇನ?” ಎನ್ನುತ್ತಿದ್ದ.

ಬಸವ ಜಯಂತಿಯ ದಿನ ಕಮ್ಯುನಿಟಿ ಹಾಲಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತಾಗ ಗುಟ್ಟು ರಟ್ಟಾಯಿತು. ನೀಲಾಂಬಿಕಾ ಮೆಲ್ಲಗೆ ವಾಲಿ ಪಕ್ಕದ ಶಾರದವ್ವನ ಮೇಲೆ ಬಿದ್ದಳು. ಶಾರದವ್ವ ಅವಳನ್ನು ಹಿಡಿದು ಕೂರಿಸಿ, “ಎಂಥಾ ಭಕ್ತಿ ನಿಂದು!” ಎಂದು ಕೈಮುಗಿದಳು.

“ದಿಸ್ ಈಸ್ ನಾಟ್ ಭಕ್ತಿ, ಅಮ್ಮಾ” ಎಂದಳು ಮಗಳು ಸೌಮ್ಯಾ.

ಎರಡು ತಿಂಗಳು ಕಾದ ಮೇಲೆ ನ್ಯೂಮಾರ್ಕೆಟ್ ಎಂಬ ಊರಿನ ಕ್ಲಿನಿಕ್ಕೊಂದರಲ್ಲಿ ಪರೀಕ್ಷೆಯಾಯಿತು. ಮೆತ್ತನೆಯ ಫೋಮಿನ ಮೇಲೆ ಕಣ್ಣು ತೆರೆದು ಅವಳು ಕಂಬದಂತೆ ನಿಂತಳು. ಮುಚ್ಚಿದ ಮೂರೇ ಸೆಕೆಂಡಿಗೆ ಪರೀಕ್ಷೆ ಮಾಡುತ್ತಿದ್ದ ಥೆರಪಿಸ್ಟಿನ ತೋಳಿನಲ್ಲಿದ್ದಳು. ಕೇಳಿಸುವ ನರದ ಜೊತೆಗೇ ಸಾಗುವ ಸಮತೋಲದ ನರವೂ ಇವರಲ್ಲಿ ಸೋತಿದೆ, ಇಷ್ಟು ದಿನ ಕಣ್ಣೇ ಆ ಕೆಲಸ ಮಾಡಿದೆ ಎಂದು ಥೆರಪಿಸ್ಟ್ ವಿವರಿಸಿದಳು.

“ಇದರಾಗೇನೈತಿ?” ಎಂದು ಮುರಿಗೆಪ್ಪ ತಾನೂ ಫೋಮು ಹತ್ತಿ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೇ ಅವನ ಕೈಗಳು ಗಾಳಿಯಲ್ಲಿ ಆಸರೆ ಹುಡುಕತೊಡಗಿದವು.

“ಸ್ಟೇರಿಂಗ್ ಇಲ್ಲಲ್ಲ, ಪಾಪ” ಎಂದಳು ನೀಲಾಂಬಿಕಾ.

ಪಾರ್ಕಿಂಗಿಗೆ ಬಂದ ಮೇಲೆ ಅವನು ಅವಳ ಎದುರಿಗೆ ನಿಂತ. “ಇಷ್ಟ ದಿನಾ ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಅದನ್ನೂ ಊರಿಗೆಲ್ಲಾ ಹೇಳಿ ನಗತಿದ್ರಿ.”

ಮರುದಿನ ಮುರಿಗೆಪ್ಪ ಶಿಫ್ಟಿಗೆ ರಜೆ ಹಾಕಿ, ಬಚ್ಚಲಿನ ಗೋಡೆಗೆ ತಾನೇ ಡ್ರಿಲ್ ಹಿಡಿದು ಸ್ಟೀಲಿನ ಹಿಡಿಕೆ ಕೂರಿಸಿದ. ಗಟ್ಟಿಯಿದೆಯೇ ಎಂದು ಮೂರು ಸಲ ಜೋತುಬಿದ್ದು ನೋಡಿದ.

ಥೆರಪಿಸ್ಟ್ ಹೇಳಿಕೊಟ್ಟಂತೆ, ಫ್ರಿಜ್ಜಿಗೆ ಅಂಟಿಸಿದ ಒಂದು ಅಕ್ಷರದ ಮೇಲೆ ಕಣ್ಣು ನೆಟ್ಟು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವುದು ಅವಳ ದಿನದ ವ್ಯಾಯಾಮವಾಯಿತು. ಒಂದು ಮುಂಜಾನೆ ಮುರಿಗೆಪ್ಪ ಫ್ರಿಜ್ಜಿನ ಪಕ್ಕ ಬಂದು ನಿಂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಕೇಳಿದ: “ನಮ್ಮಕ್ಕನ್ನ ಆರ್ ತಿಂಗಳ ಇಲ್ಲೇ ಕರಸೂಣೇನ?”

ನೀಲಾಂಬಿಕಾಳ ತಲೆ ಎಡಕ್ಕೂ ಬಲಕ್ಕೂ ಆಡುತ್ತಲೇ ಇತ್ತು.

“ತಲಿ ಅಳ್ಳಾಡಸೂದು ವ್ಯಾಯಾಮಕ್ಕೋ, ನನಗೋ?”

“ಎರಡಕ್ಕೂ” ಎಂದಳು ಅವಳು.